ಬೋರಲು ಹಾಕಿದ ಮರಿಗೆ

ನನಗೆ ಮೊದಲಿನಿಂದಲೂ ಯಾರ ಮೇಲೂ ನಂಬಿಕೆ ಕಡಿಮೆ. ಹಾಲಿನವಳು ಬಂದರೆ ಚೊಂಬಿಗೆ ಬೆರಳು ಅದ್ದಿ ನೋಡುತ್ತಿದ್ದೆ. ಎಣ್ಣೆಯವನು ಬಂದರೆ ಅವನ ಅಳತೆಯ ಪಾತ್ರೆಯ ತಳ ತಟ್ಟಿ ನೋಡುತ್ತಿದ್ದೆ. "ಶಿವಬಸವ್ವಾರ ಕಣ್ಣ ತಪ್ಪಸಾಕ ಆಗಂಗಿಲ್ಲ ಬಿಡ್ರಿ" ಎಂದು ಹತ್ತಿಮತ್ತೂರಿನವರು ಅನ್ನುತ್ತಿದ್ದರು. ಅದನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೆ. ಅಡಿವೆವ್ವನ ಸುದ್ದಿ ಹೇಳಲು ಕುಳಿತವಳು ತನ್ನ ಸುದ್ದಿ ಹೇಳುತ್ತಿದ್ದಾಳೆ ಎನ್ನಬೇಡಿ. ನನ್ನದನ್ನು ಬಿಟ್ಟು ಅವಳದನ್ನು ಹೇಳಲು ಬರುವುದಿಲ್ಲ.

ಅಡಿವೆವ್ವ ಸವಣೂರಿನವಳು, ಜಾಲಗಾರರ ಪೈಕಿ. ಬಂಗಾರದ ಕೆಲಸದ ಪತ್ತಾರರ ಓಣಿಯಲ್ಲಿ ಅಂಗಡಿಗಳ ಮುಂದಿನ ಕಸ, ಒಲೆಯ ಬೂದಿ, ಗಟಾರದ ಕೆಸರು ಎಲ್ಲವನ್ನೂ ಬಳಿದು ತಂದು ತೊಳೆದು, ಅದರೊಳಗಿನ ಬಂಗಾರದ ಪುಡಿ ತೆಗೆಯುವುದು ಅವರ ಕಸುಬು. ಅದಕ್ಕೆ ಬೇಕಾದ ಸಾಮಾನು ಒಂದೇ, ಮರಿಗೆ. ನಡುವೆ ತಗ್ಗಾದ ಅಗಲ ಕಟ್ಟಿಗೆಯ ಪಾತ್ರೆ ಅದು. ನೀರಿನಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದರೆ ಮಣ್ಣು ಅಂಚಿನಿಂದ ಹರಿದು ಹೋಗುತ್ತದೆ, ತೂಕದ್ದು ತಳದಲ್ಲಿ ನಿಲ್ಲುತ್ತದೆ. ಅಡಿವೆವ್ವನ ಮರಿಗೆ ಅವಳ ಅವ್ವನದು, ಅವ್ವನಿಗೆ ಅವಳ ಅವ್ವ ಕೊಟ್ಟದ್ದು.

ಕೆರೆಯಲ್ಲಿ, ಹೊಳೆಯಲ್ಲಿ ಒಡವೆ ಕಳೆದುಕೊಂಡವರೂ ಅವಳನ್ನೇ ಕರೆಸುತ್ತಿದ್ದರು. ಹಾನಗಲ್ಲಿನ ಕೆರೆಯಿಂದ ಒಬ್ಬಳ ಬುಗುಡಿ ತೆಗೆದಿದ್ದಳು, ಹಿರೇಕೆರೂರಿನ ಕಡೆ ಒಂದು ಹಳ್ಳದಿಂದ ಮದುಮಗನ ಉಂಗುರ ತೆಗೆದಿದ್ದಳು. ಹಾಗೆಂದು ಯಾರೂ ಅವಳನ್ನು ನಂಬುತ್ತಿರಲಿಲ್ಲ. ಅಷ್ಟು ಬೇಗ ಸಿಗಬೇಕಾದರೆ ಅವಳೇ ಮೊದಲು ಬಚ್ಚಿಟ್ಟಿರಬೇಕು ಎನ್ನುವರು, ತಡವಾದರೆ ಸಿಕ್ಕರೂ ಹೇಳುತ್ತಿಲ್ಲ ಎನ್ನುವರು. ಪತ್ತಾರರಂತೂ ಅಂಗಡಿಯ ಒಳಗೆ ಗುಡಿಸಿದ ದಿನ ಸೆರಗು ಝಾಡಿಸಿ, ತುರುಬು ಬಿಚ್ಚಿಸಿ ನೋಡಿಯೇ ಕಳಿಸುತ್ತಿದ್ದರು. ಇದನ್ನೆಲ್ಲ ಕೇಳಿದ್ದ ನಾನು, ಶಾಣ್ಯಾ ಮಂದಿ ಎಂದುಕೊಂಡಿದ್ದೆ.

ಎರಡನೇ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ, ಸುಗ್ಗಿಗೆ ಮುಂಚೆ, ನನ್ನ ತಮ್ಮ ಬಸವಣ್ಣೆಪ್ಪ ವರದಾ ಹೊಳೆಯಲ್ಲಿ ಈಜಿ ಮೇಲೆ ಬಂದು ಎದೆ ಮುಟ್ಟಿ ನೋಡಿಕೊಂಡ. ಕೊರಳಿನ ಶಿವದಾರ ಹರಿದಿತ್ತು. ಬೆಳ್ಳಿಯ ಕರಡಿಗೆ, ಅದರೊಳಗಿನ ಇಷ್ಟಲಿಂಗ, ಎರಡೂ ಹೊಳೆಯ ಪಾಲಾಗಿದ್ದವು.

ಲಿಂಗಪೂಜೆಯಿಲ್ಲದೆ ನಮ್ಮಲ್ಲಿ ಗುಟುಕು ನೀರೂ ಕುಡಿಯುವಂತಿಲ್ಲ. ಮಠಕ್ಕೆ ಹೋಗಿ ಬೇರೆ ಲಿಂಗ ಕಟ್ಟಿಸಿಕೊ ಎಂದೆ.

"ಹುಟ್ಟಿದಾಗ ಕಟ್ಟಿದ್ದು ಅಕ್ಕಾ. ಅವ್ವ ಸಾಯೂಮುಂದ ಅದರ ಮ್ಯಾಲ ಕೈ ಇಟ್ಟು ನನ್ನ ಹರಸ್ಯಾಳ. ಅದ ಬೇಕು. ಸಿಗಲಿಲ್ಲಂದ್ರ ಇಲ್ಲೇ ಬಿದ್ದಿರ್ತೇನಿ" ಎಂದವನು ಹೊಳೆದಂಡೆಯ ನಮ್ಮ ಹೊಲದ ಗುಡಿಸಲಿನಲ್ಲಿ ಮಲಗಿಬಿಟ್ಟ. ಅವನ ಹಟ ನನಗೆ ಗೊತ್ತು. ಲಿಂಗ ಸಿಗುವವರೆಗೆ ಹನಿ ನೀರೂ ಮುಟ್ಟುವವನಲ್ಲ.

ಗಾಡಿ ಹೂಡಿಸಿ, ಅಡಿವೆವ್ವನನ್ನು ಕರೆತರಲು ಆಳು ಗುದ್ಲೆಪ್ಪನನ್ನು ಸವಣೂರಿಗೆ ಅಟ್ಟಿದೆ. ಅವನಿಗೂ ನಿಜ ಹೇಳಲಿಲ್ಲ. ಬೆಳ್ಳಿ ಡಬ್ಬಿ ಬಿದ್ದಿದೆ, ತಮ್ಮನಿಗೆ ಜ್ವರ ಎಂದೆ. ಲಿಂಗ ಕಳೆದುಕೊಂಡವನು ಎಂಬ ಮಾತು ಊರಿಗೆ ಹಬ್ಬಿದರೆ ತಮ್ಮ ತಲೆ ಎತ್ತುವಂತಿರಲಿಲ್ಲ. ಇನ್ನೊಂದು ಲೆಕ್ಕವೂ ನನ್ನಲ್ಲಿತ್ತು. ಎಂಥ ವಸ್ತು ಎಂದು ಗೊತ್ತಾದರೆ ಆ ಹೆಂಗಸು ನಮ್ಮನ್ನು ಆಟ ಆಡಿಸದೆ ಬಿಟ್ಟಾಳೆಯೇ?

ಮರುದಿನ ಮುಂಜಾನೆ ಅಡಿವೆವ್ವ ಮರಿಗೆ ಕಂಕುಳಲ್ಲಿಟ್ಟುಕೊಂಡು ಬಂದಳು. ಸಣಕಲು ಹೆಂಗಸು, ನಲವತ್ತು ದಾಟಿತ್ತು. ಬಂದವಳೇ ನೀರಿಗೆ ಇಳಿಯಲಿಲ್ಲ. ದಂಡೆಯಲ್ಲಿ ಕುಂತು ಹೊಳೆಯನ್ನೇ ನೋಡಿದಳು. ಆಮೇಲೆ ಕೇಳಿದಳು.

"ಡಬ್ಬಿ ಎಷ್ಟ ದಪ್ಪಿತ್ರೀ ಅಕ್ಕಾರ?"

"ನಿಂಬಿಹಣ್ಣಿನಷ್ಟು."

"ಒಳಗ ಏನರ ಇತ್ತೇನ್ರಿ? ಖಾಲಿದ್ದು ನೀರು ಎಳದಂಗ ದೂರ ಹೋಗ್ತೈತ್ರಿ. ತುಂಬಿದ್ದು ಬಿದ್ದಲ್ಲೇ, ಕಲ್ಲಿನ ಹಿಂದ ಕುಂತಿರ್ತೈತಿ."

ನಾನು ಅವಳ ಮುಖ ನೋಡಿದೆ. ಬಾಯಿ ಬಿಡಿಸಲು ಕೇಳುತ್ತಿದ್ದಾಳೆ ಅನ್ನಿಸಿತು.

"ಖಾಲಿ" ಎಂದೆ.

ಅವಳು ಇನ್ನೊಂದು ಮಾತು ಕೇಳದೆ ಹೊಳೆಯ ಕೆಳಗಿನ ತಿರುವಿಗೆ ಹೋದಳು. ಇಡೀ ದಿನ ಸೊಂಟ ಬಗ್ಗಿಸಿ ಉಸುಕು ತುಂಬಿದಳು, ತಿರುಗಿಸಿದಳು, ಚೆಲ್ಲಿದಳು. ನಾನು ದಂಡೆಯಲ್ಲಿ ಕುಂತು ಅವಳ ಕೈಯನ್ನೇ ಕಾಯುತ್ತಿದ್ದೆ. ಅವಳು ಕೆಮ್ಮಿದರೆ ಬಾಯಿಗೆ ಏನಾದರೂ ಹಾಕಿಕೊಂಡಳೇ ಎಂದು ಎದ್ದು ನೋಡಿದೆ. ಹೊತ್ತು ಮುಳುಗಿದರೂ ಏನೂ ಸಿಗಲಿಲ್ಲ. ಗುಡಿಸಲಿನಲ್ಲಿ ತಮ್ಮನ ತುಟಿಗಳು ಒಡೆದಿದ್ದವು.

ಎರಡನೇ ದಿನ ಅವಳು ಕೆಳಗಿನ ತಿರುವಿಗೆ ಹೋಗಲಿಲ್ಲ. ನನ್ನನ್ನು ಕೇಳದೆಯೇ ಮೇಲೆ, ತಮ್ಮ ಈಜಿದ್ದ ಬಂಡೆಗಳ ಹತ್ತಿರ ಹೋದಳು. ಖಾಲಿ ಎಂದ ಮೇಲೂ ಅಲ್ಲೇಕೆ? ನನ್ನ ಅನುಮಾನ ಇಮ್ಮಡಿಯಾಯಿತು. ಬಂಡೆಯ ಹಿಂದೆ ಉಸುಕಿನ ಸಣ್ಣ ಒಡ್ಡು ಕಟ್ಟಿ, ಒಳಗಿನ ನೀರನ್ನು ಬೊಗಸೆಯಲ್ಲಿ ಚೆಲ್ಲಿ, ಬೆರಳಿನಿಂದ ಕೆದರುತ್ತಾ ಕುಂತಳು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಅವಳ ಕೈ ಗಕ್ಕನೆ ನಿಂತಿತು. ಅತ್ತಿತ್ತ ನೋಡಿದಳು. ಮರಿಗೆಯನ್ನು ಅಲ್ಲೇ ಬೋರಲು ಹಾಕಿ, ಅದರ ಮಗ್ಗುಲಿಗೆ ಕುಂತುಬಿಟ್ಟಳು.

ನಾನು ಓಡಿದೆ. ದಂಡೆಯಲ್ಲಿ ಅರಿವೆ ಒಗೆಯುತ್ತಿದ್ದ ಹೆಂಗಸರೂ ನನ್ನ ಹಿಂದೆ ಬಂದರು.

"ಸಿಕ್ತೇನು?"

"ಅಣ್ಣಾರನ್ನ ಕರ್ಕೊಂಬರ್ರಿ ಅಕ್ಕಾರ."

"ಅಂವಗ ಜ್ವರ ಬಂದಾವು. ಸಿಕ್ಕಿದ್ರ ನನ್ನ ಕೈಯಾಗ ಕೊಡು."

"ಅಣ್ಣಾರ ಬರಬೇಕ್ರಿ" ಎಂದು ಅಷ್ಟೇ ಹೇಳಿದಳು.

ನನಗೆ ಎಲ್ಲ ತಿಳಿದುಹೋಯಿತು, ಅಂದರೆ ತಿಳಿದೆ ಎಂದುಕೊಂಡೆ. ಅಕ್ಕ ಗಟ್ಟಿ, ತಮ್ಮ ಮೆತ್ತಗಿನವ, ಅವನ ಹತ್ತಿರ ಬೇಕಾದ್ದು ಕೇಳಿ ಕಿತ್ತುಕೊಳ್ಳಬಹುದು ಎಂದು ಇವಳ ಹಂಚಿಕೆ. ಸಿಟ್ಟು ನೆತ್ತಿಗೇರಿತು. ಅವಳ ರಟ್ಟೆ ಹಿಡಿದು ಎಬ್ಬಿಸಿದೆ. ಸೆರಗು ಝಾಡಿಸಿದೆ, ತುರುಬು ಬಿಚ್ಚಿದೆ, ಬಾಯಿ ತೆಗೆ ಎಂದೆ. ಅವಳು ತೆಗೆದಳು. ಏನೂ ಇರಲಿಲ್ಲ. ಒಗೆಯುವ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಆಗ ಬೋರಲು ಬಿದ್ದ ಮರಿಗೆ ಕಣ್ಣಿಗೆ ಬಿತ್ತು. ಅದನ್ನು ಕಿತ್ತು ಬೀಸಿ ಒಗೆದೆ. ಅದು ಹೊಳೆಯ ನಟ್ಟನಡುವಿನ ಸೆಳವಿಗೆ ಹೋಗಿ ಬಿತ್ತು.

ಕೆಳಗೆ ಹಸಿ ಉಸುಕಿನಲ್ಲಿ ಕರಡಿಗೆ ಅರ್ಧ ಮೇಲೆ ಕಾಣುತ್ತಿತ್ತು. ಸುತ್ತಲೂ ಏಳೆಂಟು ಸಣ್ಣ ಹರಳುಕಲ್ಲುಗಳನ್ನು ಬಳೆಯಂತೆ ಜೋಡಿಸಿದ್ದಳು. ಬೆಳ್ಳಿಗೆ ಹತ್ತಿದ ಉಸುಕು ಹತ್ತಿದಂತೆಯೇ ಇತ್ತು. ಒಂದು ಬೆರಳೂ ಅದಕ್ಕೆ ತಾಕಿರಲಿಲ್ಲ.

"ನಾ ಮುಟ್ಟಿಲ್ರಿ. ಮಂದಿಗೆ ಕಾಣಬಾರ್ದಂತ ಮುಚ್ಚಿದ್ನಿ" ಎಂದಳು ಅಡಿವೆವ್ವ. ಇನ್ನೊಬ್ಬರ ಲಿಂಗವನ್ನು ನಾನು ಮುಟ್ಟುವಂತಿರಲಿಲ್ಲ, ಅವಳೂ ಮುಟ್ಟುವಂತಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ನನಗೆ ಆ ಗಳಿಗೆಯಲ್ಲಿ ಮರೆತಿತ್ತು.

ನಾನು ಸೆರಗಿನಿಂದ ಕರಡಿಗೆ ಮರೆಮಾಡಿ ಹೆಂಗಸರನ್ನು ಗದರಿಸಿ ಓಡಿಸಿದೆ. ಗುದ್ಲೆಪ್ಪನನ್ನು ಕೂಗಿ ಗುಡಿಸಲಿಗೆ ಕಳಿಸಿದೆ. ಅವನ ಹೆಗಲು ಹಿಡಿದುಕೊಂಡು ತಮ್ಮ ಬಂದ, ಬಗ್ಗಿ ಎತ್ತಿಕೊಂಡ, ಎದೆಗೆ ಒತ್ತಿಕೊಂಡು ಅತ್ತ. ಅಲ್ಲೇ ದಂಡೆಯಲ್ಲಿ ಪೂಜೆ ಮುಗಿಸಿ ಬೊಗಸೆ ನೀರು ಕುಡಿದ. ಆಮೇಲೆ ತಿರುಗಿ, "ಅಡಿವೆವ್ವಾ, ನಿನ್ನ ಮರಿಗಿ ಎಲ್ಲೈತಿ?" ಎಂದು ಕೇಳಿದ.

ಅವಳು ನೀರಿನ ಅಂಚಿಗೆ ಹೋಗಿ ನಿಂತಳು. ಹೊಳೆಯ ಕಡೆ ನೋಡುತ್ತಿದ್ದಳು. ಗುದ್ಲೆಪ್ಪ ದಂಡೆಗುಂಟ ಮಡುವಿನವರೆಗೆ ಓಡಿ ಬರಿಗೈಯಲ್ಲಿ ಬಂದ.

"ಖಾಲಿ ಅಲ್ಲ ಅಂತ ಗೊತ್ತಾಗಿದ್ರ ನಿನ್ನೇನ ಯಾಕ ಹೇಳಲಿಲ್ಲ?" ಎಂದು ಅವಳನ್ನೇ ಕೇಳಿದೆ. ಅಷ್ಟಾದರೂ ನನ್ನ ಬಾಯಿ ಸೋತಿರಲಿಲ್ಲ.

"ನೀವ ಖಾಲಿ ಅಂದಿದ್ರಿ. ನಿಮ್ಮ ಮಾತು ನಂಬಿ ಒಂದ ದಿನ ಹುಡುಕಿದ್ನಿ. ಇವತ್ತು ಮಂದಿ ಮುಂದ ಆ ಮಾತು ಸುಳ್ಳು ಅನ್ನಾಕ ಬರ್ತೈತೇನ್ರಿ?"

ಬಡಿಗನಿಗೆ ಹೇಳಿ ಗಟ್ಟಿ ತೇಗಿನಲ್ಲಿ ಹೊಸ ಮರಿಗೆ ಮಾಡಿಸಿ ನಾನೇ ಸವಣೂರಿಗೆ ಒಯ್ದೆ. ಅವಳು ತಳದ ಮೇಲೆ ಅಂಗೈ ಆಡಿಸಿದಳು. "ಚಲೋ ಐತ್ರಿ. ಪುಡಿ ಹಿಡಿಯೂದು ಕಲಿಯಾಕ ಇದಕ್ಕ ಭಾಳ ವರ್ಷ ಬೇಕು" ಎಂದಳು. ಅಷ್ಟು ವರ್ಷ ಅವಳೇ ಇರಲಿಲ್ಲ. ಯುದ್ಧ ಮುಗಿದ ವರ್ಷ ತೀರಿಕೊಂಡಳು.

ಆ ನಡುವಿನ ವರ್ಷಗಳಲ್ಲಿ ವೀಳ್ಯದೆಲೆ ತರಲು, ತಿನ್ನುವ ಖಾರ ತರಲು ಸವಣೂರಿಗೆ ಹೋದಾಗೆಲ್ಲ ಪತ್ತಾರರ ಓಣಿಯಲ್ಲಿ ಅವಳು ಕಾಣುತ್ತಿದ್ದಳು. ನನ್ನನ್ನು ಕಂಡ ಕೂಡಲೇ ಕಸಬರಿಗೆ ಕೆಳಗಿಟ್ಟು ಎದ್ದು ನಿಲ್ಲುವಳು. ನಾನು ಕೇಳುವ ಮೊದಲೇ ಸೆರಗು ಝಾಡಿಸುವಳು, ತುರುಬು ಬಿಚ್ಚುವಳು. ಅಣಕವಲ್ಲ, ಸಿಟ್ಟೂ ಅಲ್ಲ. ಪತ್ತಾರರ ಮುಂದೆ ಮಾಡುವ ಹಾಗೆಯೇ ಮಾಡುವಳು.

"ಏನಿಲ್ಲ ನೋಡ್ರಿ ಅಕ್ಕಾರ."

ಬ್ಯಾಡ ಅಡಿವೆವ್ವಾ ಎನ್ನಬೇಕು ಎಂದು ಪ್ರತಿ ಸಲ ಅಂದುಕೊಂಡು ಹೋಗುತ್ತಿದ್ದೆ. ಏಳು ವರ್ಷ ಹೋದೆ. ಒಂದು ಸಲವೂ ನನ್ನ ಬಾಯಿಂದ ಆ ಮಾತು ಹೊರಡಲಿಲ್ಲ.