ಏಸಿ ಬಂತು, ಹಾರ್ನ್ ಹೋಯಿತು

ಚಿಕ್ಕಮ್ಮ ಅಲ್ಲಿಯವರೆಗೆ ಮಾಡಿದ್ದೆಲ್ಲ ಹುಟ್ಟುಹಬ್ಬದ ಸಣ್ಣ ಕೇಕುಗಳು. ಮೂರು ಅಂತಸ್ತಿನ ಮದುವೆ ಕೇಕಿಗೆ ಅವರನ್ನು ಮೊದಲು ನಂಬಿದವರು ಇಚಿಲಂಪಾಡಿಯ ನಮ್ಮ ನೆರೆಯ ರಬ್ಬರ್ ತೋಟದವರು. ಮದುವೆ ಹಾಲ್ ಸುಳ್ಯದಲ್ಲಿ. ಏಪ್ರಿಲ್ ಸೆಕೆ. ಡಬ್ಬಗಳನ್ನು ಹಿಂದಿನ ಸೀಟಿಗೆ ಇಡುವ ಮೊದಲು ಚಿಕ್ಕಪ್ಪ ಕಾರಿನ ಏಸಿ ಹಾಕಿದರೆ ಬಂದದ್ದು ಬಿಸಿಗಾಳಿ. ಆ ಗಾಳಿಯಲ್ಲಿ ಕ್ರೀಮು ಕಡಬದವರೆಗೂ ಬಾಳುವಂತಿರಲಿಲ್ಲ.

"ಗ್ಯಾಸ್ ಖಾಲಿ. ಅದರಲ್ಲಿ ನೋಡ್ಲಿಕ್ಕೆ ಎಂತ ಉಂಟು?" ಎಂದರು ಚಿಕ್ಕಪ್ಪ.

ಪುತ್ತೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲೇ ಬೆಳೆದವಳು ನಾನು, ಆಧಾರ ಕೇಳಿದೆ. ಗ್ಯಾಸ್ ಸೋರಿದ್ದರೆ ತಂಪು ಸ್ವಲ್ಪ ಸ್ವಲ್ಪವೇ ಇಳಿಯಬೇಕಿತ್ತು, ನಿನ್ನೆ ಸಂಜೆಯವರೆಗೂ ಚಳಿ ಹಿಡಿಯುವಷ್ಟಿತ್ತಲ್ಲ ಎಂದೆ. ಮನುಷ್ಯರೂ ಒಮ್ಮೆಲೇ ಸಾಯುವುದಿಲ್ಲವೇ ಎಂದು ಅವರು ಕೇಳಿದರು. ಅದು ಹೋಲಿಕೆ, ಆಧಾರವಲ್ಲ ಎಂದು ಬಾನೆಟ್ ಎತ್ತಿಸಿದೆ.

ಏಸಿ ಗುಂಡಿ ಒತ್ತಿದಾಗ ಕಂಪ್ರೆಸರ್ 'ಟಕ್' ಎನ್ನಬೇಕು. ಅನ್ನಲಿಲ್ಲ. ಅಂದರೆ ಅದಕ್ಕೆ ಕರೆಂಟೇ ಹೋಗುತ್ತಿಲ್ಲ, ಫ್ಯೂಸ್ ಸುಟ್ಟಿದೆ ಎಂದು ಘೋಷಿಸಿ ಕಿತ್ತು ನೋಡಿದೆ. ಒಳಗಿನ ತಂತಿ ಚೆನ್ನಾಗಿಯೇ ಇತ್ತು. ಕೇಕು ಹೆಂಡತಿಯದ್ದೆಂಬುದು ಮರೆತುಹೋಗಿ ಚಿಕ್ಕಪ್ಪನ ಮುಖ ಅರಳಿತು.

ಉಳಿದದ್ದು ರಿಲೇ, ಕಂಪ್ರೆಸರಿಗೆ ಕರೆಂಟು ಬಿಡುವ ಕಪ್ಪು ಪುಟ್ಟ ಡಬ್ಬಿ. ಅದು ಸತ್ತಿದೆಯೆಂದು ತಿಳಿಯುವುದು ಹೇಗೆ? ಪಕ್ಕದಲ್ಲೇ ಹಾರ್ನಿನ ರಿಲೇ ಇತ್ತು, ಅದೇ ಅಳತೆ, ಅದೇ ನಂಬರು. ಎರಡನ್ನೂ ಅದಲುಬದಲು ಮಾಡಿ ಗುಂಡಿ ಒತ್ತಿದೆ.

ಟಕ್.

ತಂಪು ಗಾಳಿಗೆ ಎರಡೂ ಅಂಗೈ ಒಡ್ಡಿ ಚಿಕ್ಕಮ್ಮ ನಕ್ಕರು. ಆ ಖುಷಿಗೆ ಚಿಕ್ಕಪ್ಪ ಹಾರ್ನ್ ಒತ್ತಿದರು. ಶಬ್ದವಿಲ್ಲ. ಸತ್ತ ರಿಲೇ ಈಗ ಅಲ್ಲಿತ್ತಲ್ಲ. ಭಾನುವಾರ ಬೇರೆ, ಪಾರ್ಟ್ಸ್ ಅಂಗಡಿ ತೆರೆದಿರುವುದಿಲ್ಲ.

"ಹಾರ್ನ್ ಇಲ್ಲದೆ ಆ ತಿರುವುಗಳಲ್ಲಿ ನಾನು ಹೋಗುದಿಲ್ಲ," ಎಂದು ಅವರು ಎಂಜಿನ್ ಆಫ್ ಮಾಡಿದರು.

ಚಿಕ್ಕಮ್ಮ ಆಗಲೇ ಡಬ್ಬ ಹಿಡಿದು ಹಿಂದೆ ಕುಳಿತಿದ್ದರು. "ನಿಮಗೆ ಶಬ್ದ ಬೇಕಾದ್ದಲ್ವಾ? ಇವಳಿದ್ದಾಳಲ್ಲ. ಕೂ ಹಾಕ್ಲಿ."

ತೋಟದ ಆಚೆ ತುದಿಯಲ್ಲಿರುವವರನ್ನು ನಮ್ಮಲ್ಲಿ ಹೆಸರು ಹಿಡಿದು ಕರೆಯುವುದಿಲ್ಲ. ಉದ್ದಕ್ಕೆ ಒಂದು 'ಕೂ' ಹಾಕುತ್ತೇವೆ, ಅಲ್ಲಿಂದ ಇನ್ನೊಂದು 'ಕೂ' ಬರುತ್ತದೆ. ಆಮೆಯ ವೇಗದಲ್ಲಿ ಹೋಗುವುದೆಂಬ ಶರತ್ತಿನ ಮೇಲೆ ಚಿಕ್ಕಪ್ಪ ಒಪ್ಪಿದರು. ಪ್ರತಿ ತಿರುವಿನಲ್ಲೂ ನಾನು ಗಾಜು ಇಳಿಸಿ ಕೂ ಹಾಕಿದೆ. "ತಂಪು ಹೋಗ್ತದೆ, ಗಾಜು ಏರಿಸು ಮಾರಾಯ್ತಿ," ಎಂದು ಹಿಂದಿನಿಂದ ಚಿಕ್ಕಮ್ಮ. ಕಡಬ ದಾಟಿದ ಮೇಲೆ ಒಂದು ತಿರುವಿನಲ್ಲಿ, ಕಾಣದ ಯಾವುದೋ ತೋಟದೊಳಗಿಂದ ಯಾರೋ ತಿರುಗಿ ಕೂ ಹಾಕಿದರು. ಎದುರಿನಿಂದ ಬಂದ ಜೀಪಿನವರಂತೂ ಹಾರ್ನ್ ಒತ್ತುವುದು ಬಿಟ್ಟು ಎಲ್ಲರೂ ಸೇರಿ ಕೂ ಎಂದರು. ನಗು ತಡೆಯಲಾಗದೆ ಚಿಕ್ಕಪ್ಪ ಕಾರನ್ನು ಬದಿಗೆ ನಿಲ್ಲಿಸಬೇಕಾಯಿತು.

ಸುಳ್ಯದಲ್ಲಿ ಡಬ್ಬ ತೆರೆದಾಗ ಕ್ರೀಮಿನ ಗುಲಾಬಿಗಳ ಒಂದು ದಳವೂ ಬಾಗಿರಲಿಲ್ಲ. ಮದುಮಗಳ ಅಮ್ಮ ಚಿಕ್ಕಮ್ಮನ ಕೈ ಹಿಡಿದು, ಮುಂದಿನ ತಿಂಗಳು ತಮ್ಮನ ಮಗನ ಮದುವೆಗೂ ನೀವೇ ಎಂದರು. ಪಕ್ಕದಲ್ಲಿ ಚಿಕ್ಕಪ್ಪ ಮದುಮಗಳ ಅಪ್ಪನಿಗೆ ವಿವರಿಸುತ್ತಿದ್ದರು: "ನಾನು ಮೊದಲೇ ಹೇಳಿದ್ದೆ, ಇದು ಗ್ಯಾಸ್ ಅಲ್ಲ, ರಿಲೇ ಅಂತ."

ಖಂಡಿಸಲು ಬಾಯಿ ತೆರೆದೆ. ದಾರಿಯುದ್ದಕ್ಕೂ ಕೂ ಹಾಕಿದ ಗಂಟಲಿನಿಂದ ಬಂದದ್ದು ಬರೀ ಗಾಳಿ.