ಸಾವಿರದ ಇಪ್ಪತ್ನಾಲ್ಕು ಫೈಲು

ಲುಸುಂಗು ಊಟಕ್ಕೆ ಕೂತರೂ ಕಣ್ಣು ಬಲ್ಬಿನ ಮೇಲೇ ಇರುತ್ತಿತ್ತು. ಮ್ಜೂಜೂ ಊರಿನ ನಮ್ಮ ಆಸ್ಪತ್ರೆಯ ಕಂಪ್ಯೂಟರುಗಳಿಗೆಲ್ಲ ಅವನೊಬ್ಬನೇ ದಿಕ್ಕು. ನಾನು ಪಕ್ಕದ ಕೋಣೆಯಲ್ಲಿ ರಕ್ತಪರೀಕ್ಷೆಯ ವರದಿ ಹಾಕುವವಳು.

ಕರೆಂಟು ಹೋಗಿ ಬಂದರೆ ಸರ್ವರ್ ತಾನಾಗಿ ಏಳುತ್ತಿತ್ತು, ರೋಗಿಗಳ ಡೇಟಾಬೇಸನ್ನೂ ಎಬ್ಬಿಸುತ್ತಿತ್ತು. ಆದರೆ ರೋಗಿಗಳ ಸಾಲು ಬೆಳೆದು ಎಲ್ಲ ಕೋಣೆಗಳಿಂದ ಹುಡುಕಾಟ ಶುರುವಾಯಿತೋ, ತೆರೆದ ಫೈಲು ಜಾಸ್ತಿಯಾಯಿತು ಅಂತ ಡೇಟಾಬೇಸ್ ಮುಷ್ಕರ ಹೂಡುತ್ತಿತ್ತು. ಒಮ್ಮೆಗೆ ಸಾವಿರದ ಇಪ್ಪತ್ನಾಲ್ಕು, ಮೇಲೆ ಒಂದೂ ಇಲ್ಲ. ಲುಸುಂಗು ಆ ಮಿತಿಯನ್ನು ಎಂದೋ ಅರವತ್ತೈದು ಸಾವಿರಕ್ಕೆ ಏರಿಸಿ ಬರೆದಿದ್ದ. ಅವನೇ ಲಾಗಿನ್ ಆಗಿ ಕೈಯಾರೆ ಶುರು ಮಾಡಿದರೆ ಸರಿಯಾಗಿ ನಡೆಯುತ್ತಿತ್ತು. ತಾನಾಗಿ ಎದ್ದರೆ ಮತ್ತೆ ಹಳೇ ಚಾಳಿ. ‘ಅವನ ಕೈಗುಣ’ ಅಂದರು ದೊಡ್ಡ ಡಾಕ್ಟರು. ಪಾಸ್‌ವರ್ಡ್ ಯಾರಿಗೂ ಕೊಡಬಾರದು, ರಜೆಯೂ ಇಲ್ಲ. ಹೊಗಳಿ ಹೊಗಳಿ ಕಟ್ಟಿಹಾಕಿದರು. ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವನ ಹೆಂಡತಿ ವೆಜಿ ಚೊಚ್ಚಲ ಹೆರಿಗೆಗೆ ಕರೋಂಗಾದ ತವರಿಗೆ ಹೋಗಿದ್ದಳು. ಗಂಡ ಬಂದು ಕರೆದರೇ ಮಗಳನ್ನು ಕಳಿಸುವುದು ಅಂತ ಮಾವ ಪಟ್ಟು ಹಿಡಿದಿದ್ದ. ಕೂಸು ತೇಮ್ವಾಗೆ ಹತ್ತು ತಿಂಗಳಾದರೂ ಅಪ್ಪ ನೋಡಿದ್ದು ಫೋನಿನಲ್ಲೇ. ಎರಡು ಸಲ ಮಿನಿಬಸ್ ಹತ್ತಿದ. ಎರಡು ಸಲವೂ ದಾರಿಯ ಎಕ್ವೆಂಡೇನಿ ಊರು ದಾಟುವ ಮೊದಲೇ ಆಸ್ಪತ್ರೆಯಿಂದ ಕರೆ ಬಂದು, ಇಳಿದು ವಾಪಸಾದ.

ಒಂದು ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ರೇಗಿಬಿಟ್ಟೆ. “ಏನೋ, ಸರ್ವರನ್ನೇ ಮದುವೆ ಆಗಿದ್ದೀಯಾ?”

“ಏನ್ ಮಾಡ್ಲಿ ಅಕ್ಕಾ, ನಾನು ಎಬ್ಬಿಸದಿದ್ರೆ ಅದು ಕೆಲಸ ಮಾಡಲ್ಲ.”

“ಕರೆಂಟು ಬಂದಾಗ ನಿನಗಿಂತ ಮುಂಚೆ ಅದನ್ನ ಎಬ್ಬಿಸೋದು ಯಾರು?”

“ಸರ್ವರೇ.”

“ಅದಕ್ಕೆ ಹೇಳಿದ್ದೀಯಾ ಅರವತ್ತೈದು ಸಾವಿರ ಅಂತ?”

ಸಿಮಾ ಮುದ್ದೆಯ ತುತ್ತು ಅವನ ಕೈಯಲ್ಲೇ ಉಳಿಯಿತು. ಅವನು ಮಿತಿ ಬರೆದಿದ್ದ ಫೈಲು ಲಾಗಿನ್ ಆಗಿ ಬರುವವರಿಗೆ ಮಾತ್ರ. ಡೇಟಾಬೇಸನ್ನು ತಾನಾಗಿ ಎಬ್ಬಿಸುವಾಗ ಸರ್ವರ್ ಅದನ್ನು ನೋಡುವುದೇ ಇಲ್ಲ. ಡೇಟಾಬೇಸ್ ಸೇವೆಯ ಸ್ವಂತ ಫೈಲನ್ನು ನೋಡುತ್ತದೆ. ಅಲ್ಲಿ ಮಿತಿಯ ಮಾತೇ ಇರಲಿಲ್ಲ. ಕೈ ತೊಳೆದು ಬಂದು ಒಂದು ಸಾಲು ಸೇರಿಸಿದ. ಸರ್ವರ್ ಆರಿಸಿ ಮತ್ತೆ ಹಾಕಿ, ಏನನ್ನೂ ಮುಟ್ಟದೆ ಕೈಕಟ್ಟಿ ನಿಂತ. ಡೇಟಾಬೇಸ್ ತಾನಾಗಿ ಎದ್ದಿತು. ಮಿತಿ ನೋಡಿದರೆ ಅರವತ್ತೈದು ಸಾವಿರ.

“ಒಂದೇ ಸಾಲು ಅಕ್ಕಾ,” ಅಂದ. “ಹತ್ತು ತಿಂಗಳು ಕಳೆದುಬಿಟ್ಟೆ.” ಗಂಡಸು ಬಿಕ್ಕಿ ಬಿಕ್ಕಿ ಅತ್ತ. ನನಗೂ ತಡೆಯಲಾಗಲಿಲ್ಲ.

ಮರುದಿನವೇ ಕರೋಂಗಾಕ್ಕೆ ಹೋದ. ಮುಂದಿನದನ್ನು ವೆಜಿ ನನಗೆ ಹೇಳಿದಳು. ತೇಮ್ವಾ ಅವನನ್ನು ಕಂಡದ್ದೇ ಕಿರುಚಿ ಅಜ್ಜಿಯ ಕೊರಳು ಅವುಚಿಕೊಂಡಳಂತೆ. ಬಾಳೆಹಣ್ಣು ಕೊಟ್ಟ, ಹಾಡಿದ, ಏನು ಮಾಡಿದರೂ ಬರಲೊಲ್ಲಳು. ಕೊನೆಗೆ ಮನೆಯ ಹಿಂದೆ ಮಾವಿನ ಮರದಡಿ ಹೋಗಿ ಕೂತು ವೆಜಿಯ ಫೋನಿಗೆ ವಿಡಿಯೋ ಕರೆ ಮಾಡಿದ. ಅದರಲ್ಲಿ ಅವನ ಮುಖ ಕಂಡದ್ದೇ ಮಗು ನಕ್ಕು ಎರಡೂ ಕೈ ಚಾಚಿತಂತೆ.