ಮೂರಕ್ಷರ ಒತ್ತಿದರೆ ಬರುವ ವಿರೂಪಾಕ್ಷರು

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ನನ್ನ ನೆನಪಿನ ಮೇಲೆ ನನಗೆ ಅಂಥ ಭರವಸೆಯೇನೂ ಇಲ್ಲ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ಮನೆಗೆ ವಾಪಸ್ ಓಡುವ ಹೆಂಗಸು ನಾನು. ಆದರೆ ಕಳಿಸಿದ ಮೇಲ್‌ನ ಪಕ್ಕದಲ್ಲಿ ಯಂತ್ರವೇ ಗಂಟೆ ಬರೆದಿಡುತ್ತದೆ. ಅದರ ಜೊತೆ ವಾದ ಮಾಡಲು ಬರುವುದಿಲ್ಲ.

ಮೊನ್ನೆ ನಮ್ಮ ಆಫೀಸಿಗೆ ಹೊಸ ಕಂಪ್ಯೂಟರ್ ಬಂತು. ತರಕಾರಿಯವರಿಗೆ ಒಂದು ಮೇಲ್ ಹಾಕೋಣವೆಂದು ಕೂತು, ಯಾರಿಗೆ ಎನ್ನುವ ಜಾಗದಲ್ಲಿ ಅಕ್ಷರ ಒತ್ತಿದ್ದೇ ತಡ, ಕೆಳಗೆ ಹೆಸರುಗಳು ಸಾಲಾಗಿ ಇಳಿದುಬಿಟ್ಟವು. ಹಳೆಯ ಯಂತ್ರದಲ್ಲಿ ಆ ಚಾಳಿಯನ್ನು ನಾನು ಬಂದ್ ಮಾಡಿದ್ದೆ. ಹೊಸದಕ್ಕೆ ಅದು ಹೇಗೆ ಗೊತ್ತಿರಬೇಕು? ನನ್ನ ಬೆರಳು ನಿಂತಲ್ಲೇ ನಿಂತಿತು. ತರಕಾರಿಯವರಿಗೆ ಫೋನ್ ಮಾಡಿದೆ.

ನಿಮಗೂ ಈ ಹೆಸರುಗಳ ಸಾಲು ಪರಿಚಯವಿರಬಹುದು. ನೀವು ಯಾರಿಗೋ ಎಂದೋ ಒಂದು ಮೇಲ್ ಕಳಿಸಿದ್ದರೆ ಸಾಕು, ಆ ವಿಳಾಸವನ್ನು ಅದು ನಿಮ್ಮನ್ನು ಕೇಳದೆ ಎತ್ತಿಟ್ಟುಕೊಳ್ಳುತ್ತದೆ. ಮುಂದೆ ನೀವು ಎರಡು ಮೂರು ಅಕ್ಷರ ಒತ್ತುವುದರೊಳಗೆ "ಇವರೇ ಅಲ್ಲವೇ?" ಎಂದು ಮುಂದೆ ತಂದು ನಿಲ್ಲಿಸುತ್ತದೆ. ಹೆಚ್ಚು ಸಲ ಬರೆದವರು ಮೇಲೆ, ಅಪರೂಪದವರು ಕೆಳಗೆ. ಬಹಳ ವರ್ಷ ನಾನಿದನ್ನು ಉಪಕಾರವೆಂದೇ ತಿಳಿದಿದ್ದೆ. ಸೋಮಾರಿಗಳಿಗೆ ಉಪಕಾರ ಕಂಡಷ್ಟು ಬೇಗ ಬೇರೆಯವರಿಗೆ ಕಾಣುವುದಿಲ್ಲ.

ನಾನು ಹಂಪಿಯಲ್ಲಿ ಗೆಸ್ಟ್ ಹೌಸ್ ಇಟ್ಟವರೊಬ್ಬರ ಹೊಸಪೇಟೆ ಆಫೀಸಿನಲ್ಲಿ ಲೆಕ್ಕ ನೋಡುತ್ತೇನೆ. ಅಡುಗೆಮನೆಗೆ ಅಕ್ಕಿ ಬರುವುದು ಕಂಪ್ಲಿಯಿಂದ. ಆ ರೈಸ್‌ಮಿಲ್ಲಿನವರ ಕಿರಿಯ ಮಗ ವಿರೂಪಾಕ್ಷ. ಅವನ ಹೆಂಡತಿ ನಾಗವೇಣಿ ನನ್ನ ಜೊತೆ ಬಿ.ಕಾಂ. ಓದಿದವಳು. ಮದುವೆಯಾದ ಹೊಸದರಲ್ಲಿ ಅವಳೇ ಆಫೀಸಿಗೆ ಬಂದು, "ನಮ್ಮ ಮಿಲ್ಲಿನ ಅಕ್ಕಿ ತಗೊಳ್ಳೇ. ಅನ್ನ ಹೆಂಗ ಆಗತೈತಿ ನೋಡು, ಫಾರಿನ್ನವರು ಎರಡನೇ ಸಲ ಕೇಳಬೇಕು" ಎಂದು ವ್ಯಾಪಾರ ಕುದುರಿಸಿ ಹೋದಳು. ಅಂದಿನಿಂದ ಅವಳ ಗಂಡನಿಗೂ ನನಗೂ ಅಕ್ಕಿಯ ಮೇಲ್‌ಗಳು ಓಡಾಡುತ್ತಿದ್ದವು. ಸಭ್ಯ ಮನುಷ್ಯ ಎಂದುಕೊಂಡಿದ್ದೆ. ಪ್ರತಿ ಮೇಲ್‌ನ ಕೊನೆಗೆ ಕೈಮುಗಿದ ಚಿತ್ರ ಹಾಕುತ್ತಿದ್ದ.

ಆ ಸಭ್ಯ ಮನುಷ್ಯ ನಾಗವೇಣಿಯ ಮಣಿಕಟ್ಟು ಮುರಿದ ಮೇಲೆ ಅವಳು ಉಟ್ಟ ಸೀರೆಯಲ್ಲಿ ನನ್ನ ಹತ್ತಿರ ಬಂದಳು. ತವರಿನವರು ಎರಡು ಸಲ ಅವಳನ್ನು ತಿರುಗಿ ಕಂಪ್ಲಿಗೆ ಬಿಟ್ಟು ಬಂದಿದ್ದರು. ಹೊಸಪೇಟೆಯ ನನ್ನ ಮನೆ ಅವನಿಗೆ ಗೊತ್ತು. ಹಾಗಾಗಿ ಸಂಡೂರಿನಲ್ಲಿ ನನ್ನ ಚಿಕ್ಕಮ್ಮ ಹಂಪಮ್ಮನ ಮನೆಗೆ ಕರೆದುಕೊಂಡು ಹೋಗಿ ಬಿಟ್ಟೆ. ಚಿಕ್ಕಮ್ಮ ಒಂಟಿ ಹೆಂಗಸು, ಸಣ್ಣ ಮೈ, ದೊಡ್ಡ ಬಾಯಿ. ನಾಗವೇಣಿಯನ್ನು ನೋಡಿದ ಕೂಡಲೇ, "ಬಾರವ್ವ, ಒಳಗ ಬಾ. ನನಗೂ ಬೈಯಾಕ ಮನ್ಯಾಗ ಯಾರೂ ಇದ್ದಿದ್ದಿಲ್ಲ" ಎಂದಳು. ಕೈಗೆ ಪಟ್ಟಿ ಕಟ್ಟಿಕೊಂಡ ನಾಗವೇಣಿ ಅವತ್ತು ಮೊದಲ ಸಲ ನಕ್ಕಿದ್ದು.

ಕೇಸು ಹಿಡಿದವರು ಹೊಸಪೇಟೆಯ ಹಿರಿಯ ವಕೀಲರು. ಅವನು ಹತ್ತಿರ ಸುಳಿಯದಂತೆ ಕೋರ್ಟಿನಿಂದ ಆದೇಶ ತರಬೇಕು, ಅದಕ್ಕೆ ಆಕೆ ಈಗ ಇರುವ ವಿಳಾಸ, ಕೈಯ ಎಕ್ಸ್‌ರೇ ಎಲ್ಲ ಬೇಕು ಎಂದರು. "ಮೇಲ್ ಹಾಕಿಬಿಡು ತಂಗಿ" ಎಂದರು. ಅವರ ಹೆಸರು ವಿರೂಪಾಕ್ಷಪ್ಪ.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಸೀಮೆಯವರಲ್ಲದವರಿಗೆ ಈ ಹೆಸರಿನ ಸಂಗತಿ ಅರ್ಥವಾಗಲಿಕ್ಕಿಲ್ಲ. ಹಂಪಿಯ ದೇವರ ಹೆಸರು ನಮ್ಮಲ್ಲಿ ಮನೆಗೊಂದಾದರೂ ಇರುತ್ತದೆ. ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು "ವಿರೂಪಾಕ್ಷಾ" ಎಂದು ಕೂಗಿ ನೋಡಿ. ಒಬ್ಬ ಡ್ರೈವರ್, ಒಬ್ಬ ಬಾಳೆಹಣ್ಣಿನವ, ಯಾರನ್ನೋ ಬಿಡಲು ಬಂದ ಒಬ್ಬ ಮೇಷ್ಟ್ರು ತಿರುಗಿ ನೋಡುತ್ತಾರೆ. ನನ್ನ ಅಣ್ಣನೂ ವಿರೂಪಾಕ್ಷನೇ. ಆದರೆ ನಾವು ಯಾರೂ ತಪ್ಪುವುದಿಲ್ಲ. ಕಂಪ್ಲಿ ವಿರೂಪಾಕ್ಷ, ದರೋಜಿ ವಿರೂಪಾಕ್ಷ, ವಕೀಲ ವಿರೂಪಾಕ್ಷಪ್ಪ ಎಂದು ಊರನ್ನೋ ಕಸುಬನ್ನೋ ಮುಂದೆ ಇಟ್ಟೇ ಕರೆಯುತ್ತೇವೆ. ನನ್ನ ಫೋನಿನಲ್ಲೂ ಹಾಗೇ ಬರೆದಿಟ್ಟುಕೊಂಡಿದ್ದೆ. ಮೇಲ್‌ನ ಆ ಸಾಲನ್ನು ಮಾತ್ರ ನಾನು ಬರೆದಿಟ್ಟಿರಲಿಲ್ಲ, ಅದು ತಾನಾಗಿ ಕೂಡಿಕೊಂಡಿದ್ದು. ಅದಕ್ಕೆ ಊರು ಗೊತ್ತಿಲ್ಲ, ಕಸುಬು ಗೊತ್ತಿಲ್ಲ. ಯಾರಿಗೆ ಹೆಚ್ಚು ಬರೆದಿದ್ದೇನೆ ಎಂಬುದಷ್ಟೇ ಗೊತ್ತು. ವಕೀಲರಿಗೆ ಬರೆದದ್ದು ಒಂದೇ ಸಲ. ಅಕ್ಕಿಗೆ ಬರೆದದ್ದಕ್ಕೆ ಲೆಕ್ಕವಿಲ್ಲ.

ಮೂರಕ್ಷರ ಒತ್ತಿದೆ. ಮೊದಲು ಬಂದ ವಿರೂಪಾಕ್ಷನನ್ನು ಒಪ್ಪಿಕೊಂಡೆ. ಚಿಕ್ಕಮ್ಮನ ಓಣಿ, ಮನೆಯ ಗುರುತು, ಎದುರಿಗಿರುವ ಹಿಟ್ಟಿನ ಗಿರಣಿ, ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದು ನಾಲ್ಕು ಹತ್ತಕ್ಕೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: "ವಿಳಾಸ ಸಿಕ್ಕಿತು. ಥ್ಯಾಂಕ್ಸ್." ವಕೀಲರು ಎಷ್ಟು ಚುರುಕು ಎಂದು ಮೆಚ್ಚಿಕೊಂಡೆ. ಚಹಾ ತರಿಸಿ ಕುಡಿದೆ. ಆ ಚಹಾದ ರುಚಿ ಚೆನ್ನಾಗಿತ್ತು ಎಂಬುದೂ ನೆನಪಿದೆ. ಅದನ್ನು ಮರೆಯಲು ಸಾಧ್ಯವಾದರೆ ಎಷ್ಟೋ ಸಮಾಧಾನವಾದೀತು.

ಐದರ ಸುಮಾರಿಗೆ ವಕೀಲರ ಫೋನು. "ತಂಗಿ, ನೀ ಕಳಿಸ್ತೀನಿ ಅಂದಿದ್ದಿ, ಇನ್ನೂ ಬಂದಿಲ್ಲಲ್ಲ?"

"ನೀವ ಥ್ಯಾಂಕ್ಸ್ ಅಂದ್ರಲ್ರೀ ಸರ್" ಎಂದೆ.

"ನಾ ಯಾವಾಗ ಅಂದೆ?"

ಆಗ ತೆರೆದು ನೋಡಿದೆ. ಥ್ಯಾಂಕ್ಸ್‌ನ ಕೆಳಗೆ ಕೈಮುಗಿದ ಚಿತ್ರವಿತ್ತು.

ಚಿಕ್ಕಮ್ಮನಿಗೆ ಫೋನ್ ಮಾಡಿದರೆ ಎತ್ತಲೇ ಇಲ್ಲ. ಫೋನನ್ನು ಒಳಗೆ ಚಾರ್ಜಿಗೆ ಹಾಕಿ ಕಟ್ಟೆಯ ಮೇಲೆ ಕೂರುವುದು ಅವಳ ಪದ್ಧತಿ. ನಾಗವೇಣಿಯ ಫೋನನ್ನು ಅವನು ಮೊದಲೇ ಒಡೆದುಹಾಕಿದ್ದ. ವಕೀಲರು ಪೊಲೀಸ್ ಸ್ಟೇಷನ್ನಿಗೆ ಫೋನ್ ಮಾಡುತ್ತಲೇ ತಮ್ಮ ಹಳೆಯ ಕಾರು ತಂದು ನನ್ನನ್ನು ಹತ್ತಿಸಿಕೊಂಡರು. ಹೊಸಪೇಟೆ ಬಿಟ್ಟು ಘಟ್ಟ ಹತ್ತಿದ ಮೇಲೆ ಮುಂದೆ ಅದಿರಿನ ಲಾರಿಗಳು. ಒಂದನ್ನು ದಾಟಿದರೆ ಇನ್ನೊಂದು. ಅವನು ಕಂಪ್ಲಿಯಿಂದ ಆ ಕಡೆಯ ದಾರಿಯಲ್ಲಿ ಬರುತ್ತಾನೆ; ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಬಿಟ್ಟಿರಲಿ, ಕಂಪನಿ ಬಸ್ಸುಗಳು ರಸ್ತೆ ತುಂಬಲಿ ಎಂದು ಬೇಡಿಕೊಂಡೆ. ಹಾಗೆ ಯಾವ ದೇವರನ್ನು ಬೇಡಿಕೊಂಡೆನೋ ಅವನ ಹೆಸರೂ ಅದೇ.

ದಾರಿಯಲ್ಲಿ ಚಿಕ್ಕಮ್ಮ ಫೋನ್ ಎತ್ತಿದಳು. ಹೇಳಿದೆ. "ನಿನಗ ಬುದ್ಧಿ ಬ್ಯಾಡೇನ ಲೇ, ಓದಿದಾಕಿ" ಎಂದಳು. "ಇಡು ಫೋನು. ಆಕೀನ ಹಿಂದಿನ ಮನಿಗೆ ಕಳಸ್ತೀನಿ."

ನಾವು ಓಣಿಯ ತಿರುವಿಗೆ ಹೋಗುವಾಗ ಅವನ ಕಾರು ಗಿರಣಿಯ ಮುಂದೆ ನಿಂತಿತ್ತು. ಅವನ ಕೈಯಲ್ಲಿ ಗಾಲಿ ಬಿಚ್ಚುವ ಪಾನ ಇತ್ತು. ಚಿಕ್ಕಮ್ಮ ಹೊಸ್ತಿಲಿಗೆ ಅಡ್ಡ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ನಮ್ಮ ಕಾರಿನ ಗಾಜು ಅರ್ಧ ಇಳಿದಿತ್ತು, ಎಲ್ಲ ಕೇಳಿಸುತ್ತಿತ್ತು.

"ಕರೀರಿ ಆಕೀನ ಹೊರಗ."

"ಯಾವಾಕಿನ್ನ? ಈ ಮನ್ಯಾಗ ನಾನೊಬ್ಬಾಕಿ, ಒಂದು ಬೆಕ್ಕು. ಬೆಕ್ಕು ಬೇಕೇನು?"

"ಆಕಿ ಗೆಳತಿನ ವಿಳಾಸ ಕಳಿಸ್ಯಾಳ ನನಗ."

"ಆಕಿಗೇನು ಗೊತ್ತು. ಆಕಿ ಮೊದಲಿನಿಂದಾನೂ ಅರೆ ತಲಿ."

ಅವನು ಪಾನ ಎತ್ತಿ ಬಾಗಿಲ ಪಕ್ಕದ ಕಿಟಕಿಗೆ ಹೊಡೆದ. ಗಾಜು ಚಿಕ್ಕಮ್ಮನ ತಲೆಯ ಮೇಲೆ, ಮಡಿಲಿನ ಸೊಪ್ಪಿನ ಮೇಲೆ ಬಿತ್ತು. ಅವಳು ಎದ್ದೇಳಲಿಲ್ಲ. ವಕೀಲರು ಕಾರಿನ ಬಾಗಿಲು ತೆಗೆದು, ಮಂಡಿನೋವಿನ ಕಾಲೆಳೆಯುತ್ತ "ಏ, ಏ, ನಿಲ್ಲಪಾ" ಎಂದು ಅವನ ಕಡೆ ನಡೆದರು.

ನಾನು ಏನು ಮಾಡಿದೆ ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ. ಗಾಜು ಏರಿಸಿ, ಕಾರಿನ ಲಾಕ್ ಒತ್ತಿದೆ. ನಾಲ್ಕೂ ಬಾಗಿಲು ಒಟ್ಟಿಗೆ ಟಕ್ ಎಂದವು. ಹೊರಗೆ ಅರವತ್ತು ದಾಟಿದ ಒಬ್ಬ ಗಂಡಸು, ತಲೆಯಲ್ಲಿ ಗಾಜಿನ ಚೂರು ತುಂಬಿಕೊಂಡ ಒಬ್ಬ ಮುದುಕಿ. ಒಳಗೆ, ಇದಕ್ಕೆಲ್ಲ ಕಾರಣಳಾದ ನಾನು, ಭದ್ರವಾಗಿ. ಅವನು ಇನ್ನೊಮ್ಮೆ ಪಾನ ಎತ್ತಿದ್ದು, ವಕೀಲರು ತೋಳು ಅಡ್ಡ ಹಿಡಿದದ್ದು, ಅಷ್ಟರಲ್ಲಿ ಪೊಲೀಸರ ಬೈಕು ಬಂದದ್ದು, ಗಿರಣಿಯವರೆಲ್ಲ ಮೈಮೇಲೆ ಹಿಟ್ಟು ಹೊತ್ತುಕೊಂಡೇ ಅವನನ್ನು ಹಿಡಿದದ್ದು, ಎಲ್ಲವನ್ನೂ ಗಾಜಿನೊಳಗಿಂದ ನೋಡಿದೆ. ವಕೀಲರು ವಾಪಸ್ ಬಂದು ತಮ್ಮದೇ ಕಾರಿನ ಗಾಜು ಬಡಿದು, "ತಗೀ ತಂಗಿ, ಮುಗೀತು" ಎನ್ನಬೇಕಾಯಿತು. ಅವರ ತೋಳು ಬಾತಿತ್ತು. ಅವರು ಅದರ ಬಗ್ಗೆ ಇವತ್ತಿನವರೆಗೂ ಒಂದು ಮಾತು ಆಡಿಲ್ಲ. ಆಡಿದ್ದರೆ ನನಗೆ ಹಗುರಾಗುತ್ತಿತ್ತು.

ಕಣ್ಣು ಮುಚ್ಚಿದರೆ ನನಗೆ ಈಗಲೂ ಕೇಳುವುದು ಕಿಟಕಿ ಒಡೆದ ಸದ್ದಲ್ಲ, ಆ ಟಕ್.

ಹಿಂದಿನ ಮನೆಯ ಅಡುಗೆಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ನಾಗವೇಣಿ ನನ್ನನ್ನು ನೋಡಿ ಮುಖ ತಿರುಗಿಸಿದಳು. ಚಿಕ್ಕಮ್ಮ ಅವಳಿಗೆ ಎಲ್ಲ ಹೇಳಿಯಾಗಿತ್ತು. ಕೆಲವು ದಿನ ನನ್ನೊಂದಿಗೆ ಅವಳು ಮಾತಾಡಲಿಲ್ಲ. ಆಮೇಲೆ ವಕೀಲರ ಹತ್ತಿರ ಸಹಿಗೆ ಬಂದವಳು ನನ್ನ ಆಫೀಸಿಗೂ ಬಂದು ಎದುರು ಕುರ್ಚಿಯಲ್ಲಿ ಕೂತಳು.

"ತೋರ್ಸು. ಎಲ್ಲಿ ಬರತಾನ ಅವ?"

ಮೂರಕ್ಷರ ಒತ್ತಿ ತೋರಿಸಿದೆ. ಬಂದ, ಎಲ್ಲರಿಗಿಂತ ಮೇಲೆ.

"ಇದನ್ನ ತಗಿಯಾಕ ಬರೂದಿಲ್ಲೇನು?"

ಬರುತ್ತದೆ, ಅಷ್ಟರಲ್ಲಿ ಕಲಿತಿದ್ದೆ. ಹೆಸರಿನ ಮೇಲೆ ಬಾಣ ಇಟ್ಟರೆ ಬಲಗಡೆ ಸಣ್ಣ ಇಂಟು ಗುರುತು ಕಾಣುತ್ತದೆ, ಒತ್ತಿದರೆ ಹೋಯಿತು. ವರ್ಷಗಟ್ಟಲೆ ಅಲ್ಲೇ ಇದ್ದ ಗುರುತು. ನಾನು ಒತ್ತಲು ಹೋದಾಗ, "ನೀ ಬ್ಯಾಡ, ಅತ್ತಾಗ ಸರಿ" ಎಂದು ನಾಗವೇಣಿ ಎಡಗೈಯಲ್ಲಿ ಮೌಸ್ ಹಿಡಿದಳು. ಬಲಗೈಗೆ ಇನ್ನೂ ಪಟ್ಟಿ ಇತ್ತು. ಬಾಣ ಅತ್ತಿತ್ತ ಜಾರಿತು, ಮೂರನೇ ಸಲಕ್ಕೆ ಒತ್ತಿದಳು. ಅವನು ಹೋದ. ವಕೀಲರು ಒಂದು ಮೆಟ್ಟಿಲು ಮೇಲೆ ಬಂದರು.

"ಇಷ್ಟ ಸಲೀಸ ಇತ್ತೇನ?" ಎಂದು ನನ್ನನ್ನು ಕೇಳಿದಳು. ಅದು ಯಂತ್ರದ ಬಗ್ಗೆಯೋ ನನ್ನ ಬಗ್ಗೆಯೋ ತಿಳಿಯಲಿಲ್ಲ.

ಆದರೆ ಮರುದಿನವೇ ಅವನು ಮತ್ತೆ ಬಂದ. ಅವನ ಹಳೆಯ ಮೇಲ್‌ಗಳಿಂದ ಯಂತ್ರ ವಿಳಾಸವನ್ನು ಇನ್ನೊಂದು ಮೂಲೆಯಲ್ಲೂ ಬಚ್ಚಿಟ್ಟಿತ್ತು. ಅಲ್ಲಿಂದಲೂ ತೆಗೆದೆ. ಕಡೆಗೆ, ಯಾರ ವಿಳಾಸವನ್ನೂ ತಾನಾಗಿ ಉಳಿಸಿಕೊಳ್ಳಬೇಡ ಎಂದು ಹೇಳುವ ಗುಂಡಿಯನ್ನು ಹುಡುಕಿ ಒತ್ತಿದೆ. ಈಗ ಪ್ರತಿಯೊಂದು ವಿಳಾಸವನ್ನೂ ಅಕ್ಷರ ಅಕ್ಷರವಾಗಿ ಬರೆಯುತ್ತೇನೆ, ಎರಡು ಸಲ ಓದುತ್ತೇನೆ. ಆಫೀಸಿನವರು ನಗುತ್ತಾರೆ. ಅಕ್ಕಿಯನ್ನು ಬೇರೆ ಕಡೆಯಿಂದ ತರಿಸುತ್ತೇವೆ.

ಕೋರ್ಟಿನ ಆದೇಶ ಸಿಕ್ಕ ಮೇಲೆ ನಾಗವೇಣಿ ಸಂಡೂರು ಬಿಟ್ಟಳು. ಎಲ್ಲೋ ಕೆಲಸ ಸಿಕ್ಕಿದೆ. ಹೊರಡುವ ದಿನ ನನಗೆ ಹೇಳಿದಳು: "ನಾ ಎಲ್ಲಿರತೀನಿ ಅಂತ ನಿನಗ ಹೇಳಂಗಿಲ್ಲ. ಸಿಟ್ಟಿಲ್ಲ. ಆದ್ರ ಹೇಳಂಗಿಲ್ಲ." ಚಿಕ್ಕಮ್ಮನಿಗೆ ಗೊತ್ತು, ವಕೀಲರಿಗೆ ಗೊತ್ತು. ಅವರಿಬ್ಬರ ಮುಂದೆ ಕೂತು ಚಹಾ ಕುಡಿಯುವಾಗ ಆ ಊರಿನ ಹೆಸರು ನನ್ನ ಕಿವಿಗೆ ಬೀಳದಂತೆ ಅವರು ಮಾತು ತಿರುಗಿಸುವುದನ್ನು ನೋಡುತ್ತೇನೆ. ಮುಖ ಸಣ್ಣದಾಗುತ್ತದೆ. ಅವರು ಮಾಡುವುದು ಸರಿ ಎಂದೂ ಗೊತ್ತು.

ಇಷ್ಟು ಬರೆದು ಇಟ್ಟಿದ್ದೆ. ಇವತ್ತು ಭಾನುವಾರ, ಬೆಳಿಗ್ಗೆ ನಾಗವೇಣಿಯ ಫೋನ್ ಬಂತು.

"ಏನ ಮಾಡಾಕತ್ತಿ?"

"ದೋಸೆ ಹಾಕಾಕತ್ತೀನಿ. ಯಾಕ, ಏನಾತು?" ನಾನು ಆಗಲೇ ಗ್ಯಾಸ್ ಆಫ್ ಮಾಡಿದ್ದೆ.

"ಏನಾಗಿಲ್ಲ ಮಾರಾಯ್ತಿ. ಈಗ ಎದ್ದೆ. ಬಿಸಲು ಮುಖಕ್ಕ ಬಿದ್ದ ಮ್ಯಾಲ ಎದ್ದೆ."

"ನಡುವ ಎಚ್ಚರ ಆಗಲಿಲ್ಲ?"

"ಒಂದ ಸಲಾನೂ ಇಲ್ಲ. ಚಿಲಕ ನೋಡಾಕೂ ಏಳಲಿಲ್ಲ. ಅದಕ್ಕ ಫೋನ್ ಮಾಡಿದೆ, ಯಾರಿಗಾರ ಹೇಳಬೇಕನಿಸ್ತು."

ಯಾರಿಗಾದರೂ ಎಂದು ಅವಳಿಗೆ ತೋಚಿದ್ದು ನಾನು. ಫೋನಿನ ಆ ಕಡೆ ಒಂದು ಗಾಡಿಯವನು ಏನನ್ನೋ ಕೂಗಿಕೊಂಡು ಹೋದ. ಅವನ ಮಾತಿನ ಧಾಟಿಯಲ್ಲಿ ಊರಿನ ಸುಳಿವಿತ್ತು. ಇನ್ನೆರಡು ಮಾತು ಕೇಳಿದ್ದರೆ ಯಾವ ಸೀಮೆಯೆಂದು ಹೇಳಿಬಿಡುತ್ತಿದ್ದೆನೋ ಏನೋ.

"ಕಿಟಕಿ ಮುಚ್ಚೇ" ಎಂದೆ, "ಗದ್ದಲ ಕೇಳಿಸಾಕತ್ತೈತಿ."

ಅವಳು ಎದ್ದು ಹೋಗಿ ಕಿಟಕಿ ಮುಚ್ಚಿದ್ದು ಕೇಳಿಸಿತು. ಆಮೇಲೆ ಇಬ್ಬರೂ ಬಹಳ ಹೊತ್ತು ದೋಸೆಯ ಮಾತಾಡಿದೆವು.